ಗಿಣ್ಣದ ತಂಬಿಗೆ

ಶಿವನು ಎಮ್ಮೆಯನ್ನು ಮಾಡಿದಾಗ ಅದರ ಮೊದಲ ಹಾಲನ್ನು ಯಾರಿಗೆ ಬಿಡಬೇಕೆಂದು ಬಹಳ ಹೊತ್ತು ಯೋಚಿಸಿದನಂತೆ. ಕೊನೆಗೆ ಕರುವಿಗೆ ಹೊಟ್ಟೆ ತುಂಬ, ತನಗೊಂದು ಚಮಚೆ, ಉಳಿದದ್ದು ನೆರೆಮನೆಗೆ ಎಂದು ಹಂಚಿ ಕೈ ತೊಳೆದುಕೊಂಡ. ಪೇಟೆಯ ಹೆಸರು ಅವನ ಬಾಯಲ್ಲಿ ಬರಲೇ ಇಲ್ಲ. ಹತ್ತಿಮತ್ತೂರಿನ ಸರೋಜವ್ವನಿಗೆ ಇದನ್ನು ಹೇಳಿದವಳು ಅವಳ ಅಜ್ಜಿ. ಅಜ್ಜಿಗೆ ಯಾರು ಹೇಳಿದರು ಎಂದು ಕೇಳುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

ಅಂಥ ಹಾಲಿಗೂ ಈ ವರ್ಷ ಒಂದು ಅರ್ಜಿ ಬಂತು.

ಕಳಿಸಿದ್ದು ವಿಹಾರತಾಣ ಸಮಿತಿ ಎಂಬ ಹೊಸ ಸಮಿತಿ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಜನ ಬುತ್ತಿ ಕಟ್ಟಿಕೊಂಡು ಹೋಗಿ ಕೂಡ್ರುವಂಥ ಚಂದದ ಜಾಗ ಯಾವುದು, ಅಲ್ಲಿ ತಿನ್ನಲು ಸಿಗುವ ಸ್ಥಳೀಯ ಚೀಸ್ ಯಾವುದು, ಎರಡನ್ನೂ ಬರೆದು ಕಳಿಸಬೇಕು, ಗೆದ್ದ ಊರಿಗೆ ಬಹುಮಾನ. ಯಾವುದೋ ದೂರದ ದೇಶದ ಅರ್ಜಿಯನ್ನು ನೋಡಿ ಇಳಿಸಿಕೊಂಡದ್ದರಿಂದ ಚೀಸಿನ ಕಾಲಂ ಹಾಗೇ ಉಳಿದುಬಿಟ್ಟಿತ್ತು. ಅಚ್ಚಾದ ಕಾಲಮನ್ನು ಹೊಡೆದುಹಾಕುವ ಧೈರ್ಯ ನಾಲ್ಕು ತಾಲೂಕಿನಲ್ಲಿ ಒಬ್ಬರಿಗೂ ಇರಲಿಲ್ಲ. ಹಾನಗಲ್ಲದವರು ಹುಬ್ಬಳ್ಳಿಯಿಂದ ಪನೀರು ತರಿಸಿ ಅದಕ್ಕೆ ತಮ್ಮೂರ ಕೆರೆಯ ಹೆಸರಿಟ್ಟರು. ಶಿಗ್ಗಾಂವಿಯವರು ಬೆಣ್ಣೆ ಎಂದು ಬರೆದು ಮುಂದೆ ‘ಗಟ್ಟಿ’ ಎಂದು ಸೇರಿಸಿದರು. ಹಿರೇಕೆರೂರಿನ ಪರವಾಗಿ ಹಂಸಭಾವಿಯವರು ಬರೆದದ್ದೊಂದೇ ಸಾಚಾ: ‘ಸದ್ಯಕ್ಕೆ ಮಜ್ಜಿಗೆ ಇದೆ. ಪ್ರಯತ್ನ ಜಾರಿಯಲ್ಲಿದೆ.’

ಸವಣೂರಿನ ಪರವಾಗಿ ಬರೆದವನು ಸರೋಜವ್ವನ ಗಂಡ ಚನ್ನವೀರಪ್ಪ. ಜಾಗ, ಹತ್ತಿಮತ್ತೂರಿನ ಕೆರೆ ಏರಿ. ಚೀಸ್, ಗಿಣ್ಣ.

“ಹಾಲು ಗಟ್ಟಿ ಆದ್ರ ಚೀಸ್ ಅಂತಾರ. ಗಿಣ್ಣಾನೂ ಗಟ್ಟಿ ಹಾಲ ಅಲ್ಲೇನು?” ಎಂದ ಹೆಂಡತಿಗೆ. “ಸಮಿತಿ ಬರೋದು ಗುರುವಾರ. ನಮ್ಮ ಎಮ್ಮಿ ಗಂಗಿ ಇವತ್ತ ನಾಳೆ ಈಯಾಕ ಬಂದಾಳ. ಶಿವ ನನ್ನ ಅರ್ಜಿ ಓದ್ಯಾನ ನೋಡು.”

“ಶಿವಗ ಓದಾಕ ಬ್ಯಾರೆ ಏನೂ ಇಲ್ಲೇನ್ರಿ,” ಎಂದು ಸರೋಜವ್ವ ಗಂಗಿಯ ಮುಂದೆ ಮೇವು ಹಾಕಿದಳು.

ಗಂಗಿಯ ಮೊದಲ ಹಾಲು ಎಲ್ಲಿಗೆ ಹೋಗಬೇಕೆಂದು ಅವಳು ಆರು ತಿಂಗಳ ಹಿಂದೆಯೇ ನಿಶ್ಚಯಿಸಿದ್ದಳು. ಹಿತ್ತಲ ಗೋಡೆಯಾಚೆಯ ಲಾಲಬಿಯ ಮನೆಗೆ. ಮೂವತ್ತು ವರ್ಷ ಎರಡೂ ಮನೆಯ ಗಿಣ್ಣದ ಹಾಲು ಆ ಗೋಡೆಯ ಮೇಲೆ ಆಚೆ ಈಚೆ ದಾಟಿತ್ತು. ಅದಕ್ಕೊಂದು ರೀತಿ ಉಂಟು. ಹಾಲು ಬಂದ ತಂಬಿಗೆಯನ್ನು ತೊಳೆಯಬಾರದು. ಒಳಗೆ ಹಾಲಿನ ಪಸೆ ಇರುವಂತೆಯೇ ಒಂದು ಹಿಡಿ ಅಕ್ಕಿ, ಒಂದು ಚೂರು ಬೆಲ್ಲ ಹಾಕಿ ತಿರುಗಿ ಕಳಿಸಬೇಕು. ತೊಳೆದು ಕೊಟ್ಟರೆ ಹಾಲು ಕಳಿಸಿದವರ ಎಮ್ಮೆ ಬತ್ತುತ್ತದೆ ಎನ್ನುತ್ತಾರೆ. ನಿಮಗೂ ನಮಗೂ ಇನ್ನು ಅಂಟಿದ್ದೇನೂ ಇಲ್ಲ ಎಂದು ಬಾಯಿಬಿಟ್ಟು ಹೇಳಿದ ಹಾಗೂ ಆಗುತ್ತದೆ.

ದಸರೆಯ ಹೊತ್ತಿಗೆ ಲಾಲಬಿಯ ಎಮ್ಮೆ ಈದಾಗ ಸರೋಜವ್ವ ತವರಿನಲ್ಲಿದ್ದಳು. ಹಾಲು ಇಸಿದುಕೊಂಡವನು ಚನ್ನವೀರಪ್ಪ. ಅದರ ಹಿಂದಿನ ದಿನವಷ್ಟೇ ಅವನು ಇದೇ ಸಮಿತಿಯ ಒಂದು ದಿನದ ಸ್ವಚ್ಛತಾ ತರಬೇತಿ ಮುಗಿಸಿ ಪ್ರಮಾಣಪತ್ರ ತಂದಿದ್ದ. ಹುಟ್ಟಿದಾರಭ್ಯ ಒಂದು ಚಹಾದ ಕಪ್ಪು ತೊಳೆಯದವನು ಅಂದು ಲಾಲಬಿಯ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ, ಬಿಸಿನೀರು ಸುರಿದು, ಸೋಪಿನಿಂದ ತಿಕ್ಕಿ, ಬಿಸಿಲಿಗೆ ಒಣಗಿಸಿ, ತಾನೇ ಒಯ್ದು ಕೊಟ್ಟ.

“ಮಾರಿ ನೋಡ್ಕೋಬಹುದು ನೋಡವಾ,” ಎಂದ.

ಲಾಲಬಿ ಅದರಲ್ಲಿ ಮುಖ ನೋಡಿಕೊಂಡಳು. ಏನೂ ಅನ್ನಲಿಲ್ಲ. ಎಂಟು ದಿನದಲ್ಲಿ ಅವಳ ಎಮ್ಮೆಯ ಹಾಲು ಅರ್ಧಕ್ಕಿಳಿಯಿತು. ಆಗಲೂ ಏನೂ ಅನ್ನಲಿಲ್ಲ. ಬೈದಿದ್ದರೆ ಸರೋಜವ್ವ ಬೈಸಿಕೊಂಡು, ಅತ್ತು, ಮರುದಿನ ಚಟ್ನಿ ಕೇಳಲು ಹೋಗುತ್ತಿದ್ದಳು. ಈಗ ಗೋಡೆಯ ಮೇಲೆ “ಅರಾಮ?” “ಅರಾಮ” ಎಂಬೆರಡು ಮಾತು ಉಳಿದಿದ್ದವು. ಮೂವತ್ತು ವರ್ಷ ತುಂಬಿದ ಗೆಳೆತನಕ್ಕೆ ಅದು ಬಹಳ ಸಣ್ಣ ಪಾತ್ರೆ.

ಗುರುವಾರ ಬೆಳ್ಳಂಬೆಳಗ್ಗೆ ಗಂಗಿ ಈದಳು. ಹೆಣ್ಣುಕರು. ಅದು ಕುಡಿದು ತೂಕಡಿಸುವ ತನಕ ಕಾದು ಸರೋಜವ್ವ ಒಂದು ತಂಬಿಗೆ ಹಾಲು ಹಿಂಡಿದಳು. ಅರಿಸಿನದಂಥ ದಪ್ಪ ಹಾಲು. ಒಂದು ಚಮಚೆ ಲಿಂಗದ ಮುಂದಿಟ್ಟು ಕೈಮುಗಿದು, ತಂಬಿಗೆಗೆ ಸೆರಗು ಮುಚ್ಚಿ ಹೊರಬಂದಳು. ಕಟ್ಟೆಯ ಮೇಲೆ ಚನ್ನವೀರಪ್ಪನೂ ಸಮಿತಿಯ ಕಾರ್ಯದರ್ಶಿ ಪ್ರಶಾಂತನೂ ಕೂತಿದ್ದರು. ನಡುವೆ ಒಂದು ಥರ್ಮಾಕೋಲ್ ಡಬ್ಬಿ. ಅದರ ಮೇಲೆ ಆಗಲೇ ಚೀಟಿ: ‘ಚೀಸ್. ತಯಾರಕರು, ಶ್ರೀ ಚನ್ನವೀರಪ್ಪ.’

“ತಾ ಇಲ್ಲೆ. ಡಬ್ಬಿ ತಯಾರ ಐತಿ,” ಎಂದ ಗಂಡ.

“ಇದು ಲಾಲಬಿದು.”

“ಆಕಿಗೆ ಸಂಜಿ ಹಾಲು ಕೊಟ್ರಾತು. ಅರ್ಜಿಯೊಳಗ ಮೊದಲ ಹಾಲು ಅಂತ ಬರದೇನಿ.”

“ಆಕಿ ತಂಬಿಗಿ ತೊಳಿಯೋವಾಗ ಅರ್ಜಿ ಬರದಿದ್ರೇನ್ರಿ?”

ಚನ್ನವೀರಪ್ಪನಿಗೆ ಕೆಮ್ಮು ಬಂತು. ಪ್ರಶಾಂತ ಬಗ್ಗಿ ಮೆಲ್ಲಗೆ ಕೇಳಿದ, “ಅವ್ವಾರ, ಮತ್ತ ಉಳದದ್ದು ಎಷ್ಟೈತ್ರಿ?”

“ಕರಕ್ಕ ಕೇಳ್ರಿ,” ಎಂದು ಅವಳು ಮೆಟ್ಟಿಲಿಳಿದಳು. ಮನೆಗೆ ಬಂದ ಅಧಿಕಾರಿಯ ಎದುರು ಹೆಂಡತಿಯನ್ನು ಗದರುವುದು ತರಬೇತಿಯಲ್ಲಿ ಬೇಡವೆಂದಿದ್ದರು. ಚನ್ನವೀರಪ್ಪ ಹಲ್ಲು ಕಚ್ಚಿ ನಕ್ಕ.

ಲಾಲಬಿ ಬಾಗಿಲಲ್ಲಿ ನಿಂತಿದ್ದಳು.

“ಗಂಗಿ ಈದ್ಲು,” ಎಂದಳು ಸರೋಜವ್ವ. “ಮೊದಲ ಹಾಲು. ನಾನ ತಂದೇನಿ.”

ಲಾಲಬಿ ತಂಬಿಗೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. “ಕರ?”

“ಹೆಣ್ಣು.”

“ಅಲ್ಲಾ ಚಲೋ ಇಟ್ಟಿರಲಿ,” ಎಂದು ಒಳಗೆ ಹೋದಳು. ಕೂಡು ಅನ್ನಲಿಲ್ಲ. ತಂಬಿಗೆಯನ್ನು ಆಗಲೇ ಬರಿದು ಮಾಡಿ ಕೊಡಲೂ ಇಲ್ಲ. ಸರೋಜವ್ವ ತಿರುಗಿ ನಡೆದಳು. ಆ ತಂಬಿಗೆ ಹೇಗೆ ವಾಪಸು ಬರುತ್ತದೋ ಅದೇ ಉತ್ತರ. ಹೊಳೆಯುತ್ತ ಬಂದರೆ ಮುಗಿಯಿತು.

ಆ ದಿನ ಅವಳನ್ನೂ ಏರಿಗೆ ಕರೆದೊಯ್ದರು; ಅರ್ಜಿಯಲ್ಲಿ ಸ್ಥಳೀಯ ಮಹಿಳೆ ಒಬ್ಬಳಿರಬೇಕೆಂಬ ಕಾಲಮೂ ಇತ್ತು. ಕೆರೆಯ ನೋಟಕ್ಕೆ ಅಡ್ಡ ಬರುತ್ತವೆಂದು ಬೇವಿನ ಟೊಂಗೆಗಳನ್ನು ಕಡಿಸಿದ್ದರು. ಬಿಸಿಲು ಹೆಚ್ಚಾಯಿತೆಂದು ಶಾಮಿಯಾನ ಹಾಕಿಸಿದ್ದರು. ಶಾಮಿಯಾನದೊಳಗೆ ಕೂತರೆ ಕೆರೆ ಕಾಣುವುದಿಲ್ಲವೆಂದು ಒಳಗೊಂದು ಕೆರೆಯ ಚಿತ್ರದ ಫ್ಲೆಕ್ಸ್ ಕಟ್ಟಿದ್ದರು. ಸಮಿತಿಯ ನಾಲ್ವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಗಾಳಿ ತಂಪಾಗಿದೆ ಎಂದರು. ಫ್ಯಾನು ಅವರ ಬೆನ್ನಿಗಿತ್ತು.

ಚನ್ನವೀರಪ್ಪ ಸವಣೂರಿನ ಬೇಕರಿಯಿಂದ ಗಿಣ್ಣದ ಪುಡಿ ತರಿಸಿ, ಪಾಕೀಟಿನ ಹಾಲಿಗೆ ಕಲಸಿ ಕುದಿಸಿದ್ದ. ಗಿಣ್ಣವೆಂದರೆ ತಟ್ಟೆ ಮುಟ್ಟಿದಾಗ ನಡುಗಬೇಕು. ಇದು ಹರಿಯಿತು. ಬೆಲ್ಲ ಹಾಕಿದ, ಇನ್ನೂ ಹರಿಯಿತು. ಸರೋಜವ್ವ ಕಡಿದ ಬೇವಿನ ಬುಡದಲ್ಲಿ ಕೂತು ಊರ ದಾರಿಯನ್ನೇ ನೋಡುತ್ತಿದ್ದಳು.

ಸಮಿತಿಯಲ್ಲಿ ಚೀಸ್ ಬಲ್ಲವರು ಒಬ್ಬರಿದ್ದರು. ಅವರು ಒಂದು ಚಮಚೆ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಉಳಿದ ಮೂವರೂ ಮುಚ್ಚಿದರು.

“ಇದು ಹರಿಯುವ ಚೀಸು,” ಎಂದರು ಅವರು. “ಹೊರದೇಶದಲ್ಲಿ ಇಂಥದ್ದಕ್ಕೆ ಬಹಳ ಬೆಲೆ. ಆದರೆ ಇನ್ನೂ ಎಳೆಯದು. ನೆಲಮಾಳಿಗೆಯಲ್ಲಿ ಎರಡು ವರ್ಷ ಇಡಬೇಕಿತ್ತು.”

“ಇಡ್ತೇವ್ರಿ,” ಎಂದ ಚನ್ನವೀರಪ್ಪ.

ನಾಲ್ಕು ತಾಲೂಕಿನಲ್ಲಿ ಮೊದಲ ಬಹುಮಾನ ಹತ್ತಿಮತ್ತೂರಿಗೇ ಬಂತು. ಪ್ರಶಾಂತ ಅಲ್ಲೇ ಒಂದು ಫಲಕ ನೆಡಿಸಿದ: ‘ಪ್ರತಿ ಭಾನುವಾರ ಸ್ಥಳೀಯ ಚೀಸ್ ನೂರು ತಟ್ಟೆ.’ ಚನ್ನವೀರಪ್ಪ ಅದನ್ನು ಎರಡು ಸಲ ಓದಿದ. ಬಹುಮಾನದ ಜೊತೆ ಹೊದಿಸಿದ ಶಾಲು ಹೆಗಲ ಮೇಲೆ ಒಮ್ಮೆಲೇ ಭಾರವಾಯಿತು.

“ಪ್ರತಿ ಭಾನುವಾರ ಎಲ್ಲಿಂದ ತರ್ಲಿಬೇ?” ಎಂದು ದಾರಿಯಲ್ಲಿ ಹೆಂಡತಿಯನ್ನು ಕೇಳಿದ.

“ಗಂಗೀನ ಕೇಳಿದ್ದೆ. ಬರೋ ವರ್ಷ ನೋಡ್ತೇನಿ ಅಂದಾಳ.”

ಮನೆಗೆ ಬಂದಾಗ ಹೊತ್ತು ಇಳಿದಿತ್ತು. ಗೋಡೆಯ ಮೇಲೆ ತಂಬಿಗೆ ಇರಲಿಲ್ಲ. ಸರೋಜವ್ವ ಕಸ ಗುಡಿಸಿದಳು. ಗುಡಿಸಿದಲ್ಲೇ ಮತ್ತೆ ಗುಡಿಸಿದಳು.

“ಸರೋಜಾ.”

ಲಾಲಬಿ ಗೋಡೆಯ ಮೇಲಿಂದ ಮೊದಲು ಒಂದು ತಟ್ಟೆ ಚಾಚಿದಳು. ತಟ್ಟೆಯೊಳಗಿನ ಗಿಣ್ಣ ನಡುಗಿತು. ಹಿಂದೆಯೇ ತಂಬಿಗೆ ಬಂತು. ಸರೋಜವ್ವ ಕಣ್ಣು ಮುಚ್ಚಿ ಒಳಗೆ ಬೆರಳಿಟ್ಟಳು. ಬೆರಳಿಗೆ ಹಾಲಿನ ಪಸೆ ಅಂಟಿತು, ಪಸೆಗೆ ಅಕ್ಕಿ, ಅಕ್ಕಿಯ ನಡುವೆ ಬೆಲ್ಲದ ಚೂರು.

“ಮಧ್ಯಾಹ್ನನ ಕೊಡಬೇಕಂದಿದ್ದೆ,” ಎಂದಳು ಲಾಲಬಿ. “ಹುಲಗೂರ ದರ್ಗಾಕ್ಕ ಹೋಗಿದ್ದೆ. ನಿನ್ನ ಗಂಗಿ ಸುಸೂತ್ರ ಈದ್ರ ಪೀರನ ಮುಂದ ಸಕ್ರಿ ಇಟ್ಟು ಓದಸ್ತೇನಿ ಅಂತ ಬೇಡ್ಕೊಂಡಿದ್ದೆ.”

“ಯಾವಾಗ ಬೇಡ್ಕೊಂಡಿದ್ದಿ?”

“ಮಾತು ಬಿಟ್ಟಿದ್ನಲ್ಲ, ಆವಾಗ. ಬ್ಯಾರೆ ಕೆಲಸಿರಲಿಲ್ಲ.”

ಸರೋಜವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟರಲ್ಲಿ ಶಾಲು ಕಳಚಿಟ್ಟು ಬಂದ ಚನ್ನವೀರಪ್ಪನ ಕಣ್ಣು ಅಂಟಂಟಾದ ತಂಬಿಗೆಯ ಮೇಲೆ ಬಿತ್ತು.

“ಕೊಡಿಲ್ಲೆ, ನಾ ತೊಳದ ಇಡ್ತೇನಿ,” ಎಂದು ಕೈ ಚಾಚಿದ.

“ಮುಟ್ಟಬ್ಯಾಡ್ರಿ,” ಎಂದರು ಗೋಡೆಯ ಆಚೆ ಈಚೆ ಇಬ್ಬರೂ.

ಅವನು ಕೈ ಹಿಂದಕ್ಕೆಳೆದುಕೊಂಡ. ಸರೋಜವ್ವ ಗಿಣ್ಣದ ತುಣುಕೊಂದನ್ನು ಆ ಕೈಯಲ್ಲಿಟ್ಟಳು. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಅವನು ಬಾಯಿಗಿಟ್ಟ. ಎದುರಿಗೆ ತಿಪ್ಪೆ, ಗಂಗಿಯ ಬೆನ್ನು, ಅದರ ಮೇಲೊಂದು ಕಾಗೆ. ತಿಂದು ಮುಗಿಸಿ ಆ ನೋಟವನ್ನೇ ನೋಡುತ್ತ ಕೂತ. ಆಮೇಲೆ ಮತ್ತೆ ಕೈ ಚಾಚಿದ, ಈ ಸಲ ತಟ್ಟೆಯ ಕಡೆಗೆ.