ಕಾಲಿಗೆ ಅಡ್ಡ ಬಂದ ಪೈಪು

ಕಾಲೇಜಿನ ಹುಡುಗರು ಕಟ್ಟುತ್ತಿದ್ದ ರೇಸ್ ಕಾರು ಇನ್ನೂ ಪ್ಲೈವುಡ್ ಡಬ್ಬವಾಗಿಯೇ ವರ್ಕ್‌ಶಾಪಿನ ಮೂಲೆಯಲ್ಲಿ ಕೂತಿತ್ತು. ಕಬ್ಬಿಣ ಕತ್ತರಿಸುವ ಮೊದಲು ಮರದಲ್ಲೊಂದು ಕಟ್ಟಿ, ಕೂತು, ಕೈಕಾಲು ಆಡಿಸಿ ನೋಡುವುದು ಜಾಣತನ. ಕಬ್ಬಿಣವನ್ನು ತಪ್ಪಾಗಿ ಕತ್ತರಿಸಿದವನಿಗೆ ಆ ಜಾಣತನ ತಾನಾಗಿಯೇ ಬಂದಿರುತ್ತದೆ.

ಟೀಮು ಕಟ್ಟಿದವನು ಏಣಿ. ಬಾಗಿಲಿನ ಚೌಕಟ್ಟಿಗೆ ತಲೆ ತಾಗದಂತೆ ಬಗ್ಗಿ ಬರುವ ಹುಡುಗನಿಗೆ ಬೇರೆ ಹೆಸರಿಡುವ ಕಷ್ಟವನ್ನು ಯಾರೂ ತೆಗೆದುಕೊಂಡಿರಲಿಲ್ಲ. ಕಾಲೇಜಿಗೆ ಸೇರಿದ ವರ್ಷದಿಂದ ಅವನಿಗಿದ್ದದ್ದು ಒಂದೇ ಆಸೆ, ತಾವೇ ಮಾಡಿದ ಕಾರನ್ನು ತಾನೇ ಓಡಿಸಬೇಕು. ಸ್ಪರ್ಧೆಯ ದಿನ ನೋಡಲು ಬರುವುದಕ್ಕೆ ಅವನ ಅಕ್ಕ, ಭಾವ ಆಗಲೇ ರಜೆ ಬರೆದುಕೊಟ್ಟಾಗಿತ್ತು.

ಆ ದಿನ ಅವನು ಬಂದದ್ದೇ ಸಿಟ್ಟಿನಲ್ಲಿ.

"ಡ್ರಾಯಿಂಗ್ ಮತ್ತೆ ಬದಲಾಯಿಸಿದ್ರಂತೆ? ಎಷ್ಟು ಸಲಾನೋ ಮಾವ?"

ಮಾವ ಅಂದರೆ ಸಸ್ಪೆನ್ಷನ್ನು, ಸ್ಟೀರಿಂಗು ನೋಡಿಕೊಳ್ಳುತ್ತಿದ್ದ ಹುಡುಗ. ಕೇಳದವರಿಗೂ ಬುದ್ಧಿ ಹೇಳುವ ಚಾಳಿಯಿಂದ ಇಡೀ ಕಾಲೇಜಿಗೆ ಮಾವನಾಗಿದ್ದ. ಇವತ್ತು ಬುದ್ಧಿ ಹೇಳುವ ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ. "ಬ್ರೇಕ್ ತಾಗ್ತಿದೆ ಮಾರಾಯ, ಚಕ್ರ ಹಿಡ್ಕೊಂಡಿರೋ ಸಸ್ಪೆನ್ಷನ್ ತೋಳಿಗೆ" ಅಂದ.

"ಹೋದ ವಾರ ತಾಗ್ತಿರಲಿಲ್ವಲ್ಲ?"

"ಹೋದ ವಾರ ತೋಳು ಮೇಲಿತ್ತು. ಈಗ ಕೆಳಗಿಳಿಸಿದ್ವಿ."

"ಯಾಕೆ ಇಳಿಸಿದ್ರಿ?"

"ಮುಂದಿನ ಚಕ್ರಗಳ ನಡುವೆ ಅಡ್ಡ ಹೋಗೋ ಸ್ಟೀರಿಂಗ್ ಪೈಪ್ ಕೆಳಗಿಳೀತಲ್ಲ, ಅದಕ್ಕೆ. ಎರಡೂ ಜೊತೆಯಾಗಿ ಹೋಗದಿದ್ರೆ ಹಳ್ಳ ಬಂದಾಗೆಲ್ಲ ಚಕ್ರ ತನ್ನಷ್ಟಕ್ಕೆ ತಾನೇ ತಿರುಗುತ್ತೆ. ಡ್ರೈವರ್ ಒಂದು ಕಡೆ, ಗಾಡಿ ಒಂದು ಕಡೆ."

"ಸರಿ, ಆ ಪೈಪ್ ಯಾಕೆ ಇಳಿಸಿದ್ರಿ? ಮೊದಲು ಮಾಡಿದ್ದು ಚೆನ್ನಾಗೇ ಇತ್ತಲ್ಲ!"

ಮಾವ ಕನ್ನಡಕ ತೆಗೆದು ಒರೆಸತೊಡಗಿದ. ಬ್ರೇಕಿನ ಲೆಕ್ಕ ಮಾಡುವ ಗಿಡ್ಡ ಹುಡುಗಿ, ಎಲ್ಲರ ಬಾಯಲ್ಲಿ ಗುಂಡುಸೂಜಿ, ಸ್ಟೂಲಿನ ಮೇಲೆ ಕೂತು ಮೇಜಿಗೆ ತಲೆ ಕೊಟ್ಟಿದ್ದವಳು ಕಣ್ಣು ತೆರೆದಳು. ತೆರೆದು, ಏಣಿಯನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡಿದಳು.

"ಏನ್ರೋ, ಬಾಯಲ್ಲಿ ಕಡುಬು ಇಟ್ಕೊಂಡಿದೀರಾ?"

"ಕೂತು ನೋಡು" ಅಂದ ಮಾವ. ಸ್ಟೀರಿಂಗ್ ಪೈಪಿನ ಬದಲಿಗೆಂದು ಇಟ್ಟಿದ್ದ ಕೋಲನ್ನು ಬಿಚ್ಚಿ, ಮೊದಲ ಡ್ರಾಯಿಂಗಿನ ಎತ್ತರಕ್ಕೆ ಅಡ್ಡಲಾಗಿ ಕಟ್ಟಿದ.

ಏಣಿ ಡಬ್ಬದೊಳಗೆ ಇಳಿದ. ಕಾಲು ಚಾಚಿದ. ಕೋಲು ಮೊಣಕಾಲಿನ ಕೆಳಗೆ ಮೂಳೆಗೇ ಬಡಿಯಿತು. ಕಾಲು ಮೇಲೆತ್ತಿ ದಾಟಿಸಿದರೆ ಮಂಡಿ ಸ್ಟೀರಿಂಗ್ ಚಕ್ರಕ್ಕೆ. ಓರೆಯಾಗಿ ಕೂತ, ಜಾರಿ ಕೂತ, ಉಸಿರು ಬಿಗಿಹಿಡಿದೂ ಕೂತ. ಉಸಿರಿಗೂ ಕಾಲಿನ ಉದ್ದಕ್ಕೂ ಏನು ಸಂಬಂಧವೋ.

"ಸೀಟ್ ಹಿಂದಕ್ಕೆ ಹಾಕಿದ್ರೆ?"

"ಹಿಂದೆ ಇಂಜಿನ್ ಇದೆ. ಅದರ ಮಡಿಲಲ್ಲಿ ಕೂರ್ತೀಯಾ?"

ಯಾರೂ ನಗಲಿಲ್ಲ. ಏಣಿಗೆ ಅರ್ಥವಾಯಿತು. ಪೈಪ್ ಇಳಿದದ್ದು, ತೋಳು ಇಳಿದದ್ದು, ಬ್ರೇಕ್ ತಾಗಿದ್ದು, ಇವರಿಬ್ಬರ ಕಣ್ಣು ಗುಳಿ ಬಿದ್ದದ್ದು, ಎಲ್ಲ ತನ್ನ ಕಾಲಿಗಾಗಿ. ಅದೇ ಕಾಲೂರಿಕೊಂಡು ಬಂದು ತಾನು ಇವರ ಮೇಲೆ ರೇಗಾಡಿದ್ದ.

"ಮೊದಲೇ ಹೇಳೋಕೆ ಏನಾಗಿತ್ತು?"

"ಯಾರು ಹೇಳೋದು?" ಗುಂಡುಸೂಜಿ ಎದ್ದು ಕೂತಳು. "ಮನೆ ಕಟ್ಟಿದವನನ್ನೇ ಹೊಸ್ತಿಲಾಚೆ ನಿಲ್ಲಿಸೋಕೆ ಯಾರಿಗೆ ಬಾಯಿ ಬರುತ್ತೆ? ಹೇಗಾದ್ರೂ ಹೊಂದಿಸೋಣ ಅಂದ್ಕೊಂಡ್ವಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಾವು ನಿನ್ನ ಕಾಲಿಗೆ ಹಾಸಿಗೇನೇ ಎಳೀತಾ ಬಂದ್ವಿ. ಇನ್ನೂ ಎಳೆದ್ರೆ ಹರಿಯುತ್ತೆ ಕಣೋ."

ಏಣಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಮುಂದಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಎದ್ದು ತಿರುಗಿಸಲೂ ಬೇಜಾರು. ಅಮ್ಮನಿಗೆ ಫೋನ್ ಮಾಡಿದ. ಆಚೆ ಕಡೆ ಹೊಲಿಗೆ ಯಂತ್ರದ ಸದ್ದು.

"ಅಮ್ಮ, ಕಾರು ನಾನು ಓಡಿಸಲ್ಲ. ಕಾಲು ಹಿಡಿಸ್ತಿಲ್ಲ."

ಯಂತ್ರ ನಿಂತಿತು. "ಬಿಚ್ಚಿ ಸ್ವಲ್ಪ ಉದ್ದ ಮಾಡೋಕೆ ಬರಲ್ವೇನೋ?"

"ಪ್ಯಾಂಟಲ್ಲಮ್ಮ ಅದು."

"ಗೊತ್ತು. ಸುಮ್ಮನೆ ಕೇಳಿದೆ." ಯಂತ್ರ ಮತ್ತೆ ಓಡತೊಡಗಿತು. "ಬೇರೆ ಯಾರು ಓಡಿಸಿದ್ರೂ ಅದು ನೀನು ಮಾಡಿದ ಕಾರೇ ತಾನೆ? ನಾವಂತೂ ಬರ್ತೀವಪ್ಪ. ನಿನ್ನ ಭಾವನ ರಜೆ ವಾಪಸ್ ಆಗಲ್ಲ."

ಅವನಿಗೆ ಅಳು ಬರುವ ಹಾಗಿತ್ತು, ಆದರೆ ಅಳುವುದಕ್ಕೂ ಶಕ್ತಿ ಬೇಕಲ್ಲ. ಒಳಗೆ ಹೋದ.

"ಪೈಪ್ ಇಲ್ಲೇ ಇರಲಿ. ಮೊದಲಿನ ಡ್ರಾಯಿಂಗೇ. ಗುಂಡುಸೂಜಿ ಓಡಿಸ್ತಾಳೆ."

"ನಾನಾ?"

"ನಮ್ಮಲ್ಲಿ ನಿನ್ನಷ್ಟು ಚೆನ್ನಾಗಿ ಓಡಿಸೋರು ಯಾರಿದಾರೆ? ನಿನ್ನ ಪಾದ ಪೈಪಿನ ಈಚೆಗೇ ನಿಲ್ಲುತ್ತೆ. ಕೂತ್ಕೋ."

ಕೂತಳು. ಕಾಲಿಗೂ ಕೋಲಿಗೂ ನಡುವೆ ಅಂಗೈ ತೂರುವಷ್ಟು ಜಾಗ. ಸ್ಟೀರಿಂಗ್ ಚಕ್ರವನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿದಳು, ಎಲ್ಲೂ ತಡೆಯಲಿಲ್ಲ. ಮಾವ ಗೋಡೆಗೊರಗಿ ಹಾಗೇ ಜಾರಿ ನೆಲದ ಮೇಲೆ ಕೂತುಬಿಟ್ಟ. ಗುಂಡುಸೂಜಿಯ ಮುಖ ಮಾತ್ರ ಇಳಿದಿತ್ತು.

"ಬ್ರೇಕ್ ಪೆಡಲ್ ಲೆಕ್ಕ ಎಲ್ಲಾ ನಿನ್ನ ಕಾಲಿನ ಬಲಕ್ಕೆ ಮಾಡಿದ್ದು. ಒಂದೇ ಸಲ ತುಳಿದು ನಾಲ್ಕೂ ಚಕ್ರ ನಿಲ್ಲಿಸಿ ತೋರಿಸದಿದ್ರೆ ಸ್ಪರ್ಧೆಯವರು ಟ್ರ್ಯಾಕಿಗೇ ಬಿಡಲ್ಲ. ನನ್ನ ಕಾಲಲ್ಲಿ ಅಷ್ಟು ಬಲ ಎಲ್ಲಿದೆ? ಮತ್ತೆ ಮೊದಲಿಂದ ಮಾಡ್ಬೇಕು."

"ಮಾಡು. ಎಷ್ಟು ಬಲ ಇದೆ ಅಂತ ಮೊದಲು ನೋಡೋಣ."

ಏಣಿ ತೂಕ ನೋಡುವ ಯಂತ್ರ ತಂದು ಪೆಡಲ್ ಇರಬೇಕಾದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿದ. ಅದು ಹಿಂದಕ್ಕೆ ಜಾರಿತು. ಕೊನೆಗೆ ತಾನೇ ಡಬ್ಬದ ಮುಂದೆ, ಗೋಡೆಗೆ ಬೆನ್ನು ಕೊಟ್ಟು ಕೂತು, ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದ.

"ತುಳಿ."

ಅವಳು ಮೆಲ್ಲಗೆ ಒತ್ತಿದಳು.

"ಇದೇನು, ಹಿಟ್ಟು ತಟ್ತಿದೀಯಾ? ಎದುರಿಗೆ ಗೋಡೆ ಬಂತು ಅಂದ್ಕೊಂಡು ತುಳಿ."

"ಎದುರಿಗೆ ನೀನಿದೀಯಲ್ಲೋ!"

"ನನ್ನ ಬೆನ್ನ ಹಿಂದೆ ಗೋಡೇನೂ ಇದೆ. ತುಳಿಯೇ."

ತುಳಿದಳು. ಅವನ ಬೆನ್ನುಮೂಳೆ ಗೋಡೆಗೆ ಒತ್ತಿತು, ಉಸಿರು ಹೊರಬಿತ್ತು. ಬಗ್ಗಿ ಮುಳ್ಳು ಎಲ್ಲಿಗೆ ಹೋಗಿದೆಯೆಂದು ನೋಡಿದ. ಅಂದುಕೊಂಡದ್ದಕ್ಕಿಂತ ಕಡಿಮೆಯೇ. ಇಷ್ಟೇ ಬಲಕ್ಕೆ ಬ್ರೇಕ್ ಹಿಡಿಯಬೇಕೆಂದರೆ ಪೆಡಲ್ ಉದ್ದ ಮಾಡಬೇಕು, ಅದಕ್ಕೆ ಜಾಗ ಹುಡುಕಬೇಕು.

"ಬರ್ಕೋ ಮಾವ" ಅಂದ. ಮತ್ತೆ ಯಂತ್ರವನ್ನು ಎದೆಗಿಟ್ಟುಕೊಂಡ. "ಇನ್ನೊಂದು ಸಲ. ಸೀಟಿಗೆ ಬೆನ್ನು ಕೊಟ್ಟು."