ಎಡಬ್ರೇಕಿನ ಸುಣ್ಣದ ವ್ಯಾಗನ್

ಹ್ಯಾಲಿಫ್ಯಾಕ್ಸ್ ಊರಿನ ಮಾದರಿ ರೈಲು ಸಂಘದಲ್ಲಿ ಕ್ಲಿಫರ್ಡ್ ಹಾರ್ಸ್‌ಫಾಲನ ಮಾತಿಗೆ ಎದುರಾಡುವವರು ಇರಲಿಲ್ಲ. ಎಲ್ಲ ಮಾತಿಗೂ ಅಂತಲ್ಲ. ರಾಜಕೀಯ, ಹವೆ, ಚಹಾಕ್ಕೆ ಹಾಲು ಮೊದಲೋ ಆಮೇಲೋ, ಇಂಥವುಗಳಲ್ಲಿ ಅವನ ಅಭಿಪ್ರಾಯವನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಹಳೆಯ ಪುಟಾಣಿ ವ್ಯಾಗನ್ನೊಂದನ್ನು ಅವನ ಅಂಗೈಗೆ ಕೊಟ್ಟರೆ, ಅದನ್ನು ಮಗುಚಿ, ಹೊಟ್ಟೆ ನೋಡಿ, ಯಾವ ಕಂಪನಿಯ ಕಿಟ್ಟು, ಯಾವ ಇಸವಿಯದು, ಜೋಡಿಸಿದವನಿಗೆ ತಾಳ್ಮೆ ಇತ್ತೋ ಇಲ್ಲವೋ, ಎಲ್ಲ ಹೇಳಿಬಿಡುತ್ತಿದ್ದ. ಹೇಳುವ ಮೊದಲು ಒಮ್ಮೆ ಮೂಸುತ್ತಿದ್ದ. ಮೂಸಿದರೆ ಏನು ತಿಳಿಯುತ್ತದೆ ಎಂದು ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಮೂವತ್ತನಾಲ್ಕು ವರ್ಷ ಮನೆಮನೆಯ ಗ್ಯಾಸ್ ಮೀಟರ್ ಓದಿ ನಿವೃತ್ತನಾದವನು. ಕತ್ತಲೆ ಮೂಲೆಯಲ್ಲಿ ಬಗ್ಗಿ ಸಣ್ಣದನ್ನು ನೋಡುವುದು ಅವನಿಗೆ ಹೊಸದಲ್ಲ.

ಅವನಿಗೆ ಹೆಸರು ತಂದದ್ದು ಎಡಬ್ರೇಕಿನ ಸುಣ್ಣದ ವ್ಯಾಗನ್. ಸುಣ್ಣ ಸಾಗಿಸುವ ಈ ವ್ಯಾಗನ್ನಿಗೆ ಮನೆಯ ಹಾಗೆ ಇಳಿಜಾರು ಮಾಡು. ಸೀಸ-ತವರದ ಎರಕದಲ್ಲಿ ಮಾಡಿದ ಇಂಥ ಹದಿನಾಲ್ಕು ಮಾದರಿಗಳು ಅಲ್ಲಲ್ಲಿ ಸಿಕ್ಕಿದ್ದವು. ಡಬ್ಬಿ ಇಲ್ಲ, ಚೀಟಿ ಇಲ್ಲ, ಹೆಸರಿಲ್ಲ. ನಿಜವಾದ ವ್ಯಾಗನ್ನಿನಲ್ಲಿ, ಪಕ್ಕದಲ್ಲಿ ನಿಂತು ನೋಡಿದರೆ, ಬ್ರೇಕಿನ ಹಿಡಿ ನಮ್ಮ ಬಲಗಡೆಗಿರಬೇಕು, ಇವುಗಳಲ್ಲಿ ಎಡಗಡೆಗಿತ್ತು. ಒಳಗಿನ ನೆಲದ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕೆಗಳ ಗುಂಪು. ಕ್ಲಿಫರ್ಡ್ ಆರು ತಿಂಗಳು ಕೂತು, 1988ರ ಸಂಘದ ಪತ್ರಿಕೆಯಲ್ಲಿ ಒಂಬತ್ತು ಪುಟ ಬರೆದ: ಇವು ಎಂದೋ ಮುಚ್ಚಿಹೋದ ಬ್ರಿಗ್‌ಶಾ ಕಂಪನಿಯ 1959-60ರ ಪ್ರಾಯೋಗಿಕ ತಯಾರಿಕೆ, ಅಚ್ಚು ಕೊರೆದವನು ಎಡಬಲ ತಪ್ಪಿದ್ದಾನೆ, ಚುಕ್ಕೆಗಳು ಎರಕವನ್ನು ಹೊರತಳ್ಳುವ ಯಂತ್ರದ ಮೊನೆಯವು. ಅಂದಿನಿಂದ ಹರಾಜಿನ ಪಟ್ಟಿಗಳಲ್ಲೂ ಪುಸ್ತಕಗಳಲ್ಲೂ ‘ಬ್ರಿಗ್‌ಶಾ ಮೊದಲ ಸರಣಿ (ಹಾರ್ಸ್‌ಫಾಲ್, 1988)’ ಎಂದೇ ಅಚ್ಚಾಗುತ್ತಿತ್ತು. ಕಂಸದೊಳಗಿನ ತನ್ನ ಹೆಸರನ್ನು ಕ್ಲಿಫರ್ಡ್ ದಿನಾ ನೋಡುತ್ತಿರಲಿಲ್ಲ. ವಾರಕ್ಕೆ ಎರಡು ಸಲ ನೋಡುತ್ತಿದ್ದ.

ಇಪ್ಪತ್ತೈದು ವರ್ಷ ಹೀಗೇ ಕಳೆದ ಮೇಲೆ, ಅಕ್ಟೋಬರಿನ ಒಂದು ಶನಿವಾರ ಮಧ್ಯಾಹ್ನ ಚರ್ಚಿನ ನೆಲಮಾಳಿಗೆಯಲ್ಲಿದ್ದ ಸಂಘದ ಕೋಣೆಗೆ ಮ್ಯುರಿಯಲ್ ಆರ್ಮರಾಡ್ ಎಂಬಾಕೆ ಬಂದಳು. ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದ, ಅರವತ್ತೈದರ ಗಟ್ಟಿಮುಟ್ಟಾದ ಹೆಂಗಸು. ಕಂಕುಳಲ್ಲಿ ಬಿಸ್ಕತ್ತಿನ ಡಬ್ಬ.

“ಸುಣ್ಣದ ವ್ಯಾಗನ್ ಬಗ್ಗೆ ಬರೆದೋರು ನೀವೇನಾ?” ಎಂದಳು.

“ಹೌದು,” ಎಂದ ಕ್ಲಿಫರ್ಡ್, ಸ್ವಲ್ಪ ಬೆನ್ನು ನೆಟ್ಟಗೆ ಮಾಡಿ.

“ಮಾರ್ಕೆಟ್ ಹತ್ರ ಹಳೇ ಸಾಮಾನಿನ ಅಂಗಡಿ ಕಿಟಕಿಯಲ್ಲಿ ಒಂದನ್ನ ಇಟ್ಟಿದಾರೆ. ಬ್ರಿಗ್‌ಶಾ ಅಂತ ಚೀಟಿ ಹಚ್ಚಿದಾರೆ. ನಗು ತಡೀಲಿಕ್ಕಾಗ್ಲಿಲ್ಲ. ಯಾರು ಹೇಳಿದ್ದು ಅಂತ ಕೇಳಿದ್ರೆ ನಿಮ್ಮ ಹೆಸರು ಹೇಳಿದ್ರು. ಅದು ನಮ್ಮಮ್ಮ ಮಾಡಿದ್ದು ಕಣ್ರೀ.”

ಕ್ಲಿಫರ್ಡ್ ಅವಳಿಗೆ ಕುರ್ಚಿ ತೋರಿಸಿದ. ಇಂಥವರು ವರ್ಷಕ್ಕೊಬ್ಬರು ಬರುತ್ತಾರೆ. ಚಹಾ ಕೊಟ್ಟು, ಮೆಲ್ಲಗೆ ತಿಳಿಹೇಳಿ ಕಳಿಸುವುದು ರೂಢಿ.

ಮ್ಯುರಿಯಲ್ ಚಹಾ ಕುಡಿಯುತ್ತಲೇ ಹೇಳಿದಳು. ಅಪ್ಪ ನಲ್ಲಿ-ಪೈಪು ರಿಪೇರಿ ಮಾಡುವವನು, ಅಟ್ಟದ ಮೇಲೆ ಆಟದ ರೈಲು ಹಾಕಿಕೊಂಡಿದ್ದ. ಸುಣ್ಣದ ವ್ಯಾಗನ್ ಬೇಕೆಂದು ಹಂಬಲಿಸುತ್ತಿದ್ದ, ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. 1959ರಲ್ಲಿ ಅವನ ಹುಟ್ಟುಹಬ್ಬಕ್ಕೆಂದು ಅಮ್ಮ ವಿನಿಫ್ರೆಡ್ ಪ್ಲಾಸ್ಟರಿನಲ್ಲಿ ಅಚ್ಚು ಕೊರೆದು, ಅಪ್ಪನ ಬೆಸುಗೆಯ ಸೀಸದ ಚೂರುಗಳನ್ನೇ ಹಾಲಿನ ಪಾತ್ರೆಯಲ್ಲಿ ಕರಗಿಸಿ ಎರಕ ಹೊಯ್ದಳು. ಅಪ್ಪನ ಸ್ನೇಹಿತರು ತಮಗೂ ಬೇಕೆಂದರು. ಐವತ್ತರ ಹತ್ತಿರ ಮಾಡಿದಳು. ಕಂದು ಲಕೋಟೆಯಲ್ಲಿ ತುಂಬಿ ಹೊಗೆಸೊಪ್ಪಿನ ಅಂಗಡಿಯಲ್ಲಿ ಮಾರಾಟಕ್ಕಿಟ್ಟಳು. ಹೆಂಗಸು ಮಾಡಿದ್ದೆಂದರೆ ಯಾರೂ ಕೊಳ್ಳುವುದಿಲ್ಲ ಎಂದು ಅಂಗಡಿಯವನು ಹೆಸರು ಹಾಕಬೇಡ ಅಂದಿದ್ದ.

“ಆ ಹಾಲಿನ ಪಾತ್ರೆ...” ಎಂದ ಕ್ಲಿಫರ್ಡ್.

“ಅದಕ್ಕೆ ಕೆಂಪು ದಾರ ಕಟ್ಟಿದ್ಲು. ಹಾಲಿಗೆ ಬೇರೆ ಪಾತ್ರೆ. ನಾವೆಲ್ಲ ಬದುಕಿದೀವಲ್ಲ.”

“ಬ್ರೇಕು ಎಡಗಡೆ ಯಾಕಮ್ಮ?”

“ಪೇಪರಿನ ಫೋಟೋ ನೋಡ್ಕೊಂಡು ಮಾಡಿದ್ದು. ಪೇಪರಿನವರು ಫೋಟೋನ ಎಡಬಲ ತಿರುವುಮುರುವು ಹಾಕಿದ್ರು. ವ್ಯಾಗನ್ ಮೇಲೆ ಅಕ್ಷರ ಇದ್ದಿದ್ರೆ ಗೊತ್ತಾಗ್ತಿತ್ತು. ಪೂರ್ತಿ ಸುಣ್ಣ ಮೆತ್ತಿತ್ತಲ್ಲ.”

ಡಬ್ಬದಿಂದ ಆ ಪೇಪರಿನ ತುಂಡು ತೆಗೆದಳು. ಪ್ಲಾಸ್ಟರಿನ ಅಚ್ಚಿನ ಎರಡು ಹೋಳು ತೆಗೆದಳು. ಕೊನೆಗೆ, ಹೊಲಿಯುವಾಗ ಬೆರಳ ತುದಿಗೆ ಹಾಕಿಕೊಳ್ಳುವ ಹಿತ್ತಾಳೆಯ ಟೊಪ್ಪಿಗೆಯೊಂದನ್ನು ಮೇಜಿನ ಮೇಲಿಟ್ಟಳು. “ಎರಕ ಬಿಸಿ ಇರೋವಾಗ್ಲೇ ಇದನ್ನ ಹಾಕ್ಕೊಂಡು ಒತ್ತಿ ಅಚ್ಚಿನಿಂದ ಬಿಡಿಸ್ತಿದ್ಲು.”

ಕ್ಲಿಫರ್ಡ್ ಕಪಾಟಿನಿಂದ ತನ್ನ ವ್ಯಾಗನ್ ತಂದ. ಭೂತಗನ್ನಡಿ ಹಿಡಿದು ಟೊಪ್ಪಿಗೆಯ ಮೈತುಂಬ ಇದ್ದ ಸಣ್ಣ ಗುಳಿಗಳನ್ನೂ ನೆಲದ ಚುಕ್ಕೆಗಳನ್ನೂ ನೋಡಿದ. ಒಂದು ಸಾಲಿನಲ್ಲಿ ಒಂದು ಗುಳಿ ಮುಚ್ಚಿಹೋಗಿತ್ತು, ನೆಲದಲ್ಲೂ ಅದೇ ಜಾಗದಲ್ಲಿ ಒಂದು ಚುಕ್ಕೆ ಇರಲಿಲ್ಲ. ಟೊಪ್ಪಿಗೆಯನ್ನು ಅಲ್ಲಿ ಕೂರಿಸಿದ, ಬೀಗಕ್ಕೆ ಕೀಲಿಕೈ ಕೂತ ಹಾಗೆ ಕೂತಿತು. ತೆಗೆದು ಇನ್ನೊಮ್ಮೆ ಕೂರಿಸಿ ನೋಡಿದ. ಆಮೇಲೆ, “ಇನ್ನೊಂದು ಕಪ್ ಚಹಾ ಕುಡೀತೀರಾ?” ಎಂದ.

ಮನೆಗೆ ಹೋದವನು 1988ರ ಪತ್ರಿಕೆ ತೆಗೆದು ಕೂತ. ಆರನೇ ಪುಟದಲ್ಲಿ ‘ಇದು ಮನೆಯ ಕೈಕೆಲಸವಾಗಿರುವ ಸಾಧ್ಯತೆ ಎಳ್ಳಷ್ಟೂ ಇಲ್ಲ’ ಎಂಬ ವಾಕ್ಯವಿತ್ತು. ಅದನ್ನು ಬರೆದ ಮನುಷ್ಯನ ಮೇಲೆ ಅವನಿಗೆ ವಿಪರೀತ ಸಿಟ್ಟು ಬಂತು.

“ಯಾರಾದ್ರೂ ತೀರ್ಕೊಂಡ್ರಾ?” ಎಂದಳು ಹೆಂಡತಿ ಬೆರಿಲ್, ಅವನ ಮುಖ ನೋಡಿ.

“ಇಲ್ಲ. ಸುಣ್ಣದ ವ್ಯಾಗನ್.”

“ಹಾಗಿದ್ರೆ ಊಟ ಮಾಡು.”

ಮುಂದಿನ ಸಭೆಯಲ್ಲಿ ಕ್ಲಿಫರ್ಡ್ ಎದ್ದು ನಿಂತು, ನಾನು ತಪ್ಪು ಮಾಡಿದ್ದೆ, ತಿದ್ದಬೇಕು ಎಂದ. ಪೇಪರಿನ ತುಂಡು, ಅಚ್ಚು, ಟೊಪ್ಪಿಗೆ ಎಲ್ಲ ತೋರಿಸಿದ. ಅಧ್ಯಕ್ಷ ಡೆರೆಕ್ ಇಲಿಂಗ್‌ವರ್ತ್ ಗಂಟಲು ಸರಿಮಾಡಿಕೊಂಡ. ನಲವತ್ತು ವರ್ಷದ ಗೆಳೆಯ, ಆ ಹದಿನಾಲ್ಕರಲ್ಲಿ ನಾಲ್ಕು ವ್ಯಾಗನ್ ಅವನ ಗಾಜಿನ ಬೀರುವಿನಲ್ಲಿದ್ದವು.

“ನೋಡು ಕ್ಲಿಫ್, ಬೇಜಾರು ಮಾಡ್ಕೋಬೇಡ. ಈ ವಿಷಯದಲ್ಲಿ ಹಾರ್ಸ್‌ಫಾಲ್ ಏನು ಹೇಳ್ತಾರೆ ಅಂದ್ರೆ...” ಎಂದು 1988ರ ಪತ್ರಿಕೆ ಬಿಡಿಸಿದ.

“ಹಾರ್ಸ್‌ಫಾಲ್ ನಾನೇ ಕಣೋ.”

“ಇರಬಹುದು. ಆದ್ರೆ ಆಗಿನ ಹಾರ್ಸ್‌ಫಾಲ್‌ಗೆ ನಲವತ್ತೈದು ವಯಸ್ಸು. ಕಣ್ಣು ಚುರುಕಾಗಿತ್ತು. ಆರು ತಿಂಗಳು ಕೆಲಸ ಮಾಡಿದ್ದ. ನೀನು ಒಂದು ಮಧ್ಯಾಹ್ನದಲ್ಲಿ, ಬಿಸ್ಕತ್ ಡಬ್ಬ ನೋಡಿ, ಅವನನ್ನ ತಳ್ಳಿಹಾಕ್ತಿದೀಯ.”

“ಟೊಪ್ಪಿಗೆ ಸರಿಯಾಗಿ ಕೂರುತ್ತಲ್ಲೋ!”

“ವ್ಯಾಗನ್ ನೋಡಿ ಟೊಪ್ಪಿಗೆ ಮಾಡಿಸಿರಬಹುದು.”

ಮತಕ್ಕೆ ಹಾಕಿದರು. ಏಳಕ್ಕೆ ಒಂದು, ಆ ಒಂದು ಕ್ಲಿಫರ್ಡನದೇ. ಕ್ಲಿಫರ್ಡನ ತಿದ್ದುಪಡಿ ಪತ್ರಿಕೆಯ ‘ಓದುಗರ ಭಿನ್ನಾಭಿಪ್ರಾಯ’ ಅಂಕಣದಲ್ಲಿ ಬಂತು, ಪಕ್ಕದ ಪುಟದಲ್ಲಿ 1988ರ ಲೇಖನದ ಮರುಮುದ್ರಣ. ನಾರಿಚ್ ಊರಿನ ಓದುಗರೊಬ್ಬರು, ಶ್ರೀ ಹಾರ್ಸ್‌ಫಾಲ್ ಅವರು ಹಾರ್ಸ್‌ಫಾಲ್ ಅವರ ಕೃತಿಯನ್ನು ಗಮನವಿಟ್ಟು ಓದಿದಂತಿಲ್ಲ ಎಂದು ಬರೆದರು. ಅಷ್ಟಕ್ಕೇ ನಿಲ್ಲಲಿಲ್ಲ. ವಸಂತದ ಪ್ರದರ್ಶನದಲ್ಲಿ ‘ನಿಮ್ಮ ಹಳೆಯ ವ್ಯಾಗನ್ ತನ್ನಿ, ಯಾವುದೆಂದು ಹೇಳುತ್ತೇವೆ’ ಎಂಬ ಮೇಜಿಗೆ ವರ್ಷವರ್ಷವೂ ಕ್ಲಿಫರ್ಡ್ ಕೂರುತ್ತಿದ್ದ. ಈ ಸಲ ನಿನಗೆ ವಿಶ್ರಾಂತಿ ಇರಲಿ ಎಂದು ಡೆರೆಕ್ ತಾನೇ ಕೂತ.

ಕ್ಲಿಫರ್ಡ್ ಇದನ್ನೆಲ್ಲ ಮ್ಯುರಿಯಲ್‌ಗೆ ಹೇಳಿ, ತಲೆ ತಗ್ಗಿಸಿ, “ನಿಮ್ಮಮ್ಮನ ಹೆಸರು ನಾನೇ ಅಳಿಸಿದೆ, ಈಗ ಬರೀಲಿಕ್ಕೆ ನನ್ನ ಕೈಲೇ ಆಗ್ತಿಲ್ಲ,” ಎಂದ.

“ಪ್ರದರ್ಶನ ಯಾವತ್ತು?” ಎಂದಷ್ಟೇ ಕೇಳಿದಳು ಅವಳು.

ಪ್ರದರ್ಶನದ ದಿನ ಬೆಳಿಗ್ಗೆ ಅವಳು ಸಣ್ಣ ಗ್ಯಾಸ್ ಒಲೆ, ಪಾತ್ರೆ, ಬೆಸುಗೆಯ ಚೂರು, ಓವನ್ನಿನಲ್ಲಿ ಎರಡು ದಿನ ಒಣಗಿಸಿದ ಅಚ್ಚು ಹೊತ್ತು ಬಂದಳು. ಸಭಾಂಗಣದ ಕಾವಲುಗಾರ ಒಳಗೆ ಬೆಂಕಿ ಹಚ್ಚಲು ಬಿಡಲಿಲ್ಲ. ಹಿತ್ತಲಲ್ಲಿ, ಕಸದ ತೊಟ್ಟಿಗಳ ಪಕ್ಕ ಜಾಗ ಕೊಟ್ಟ. ಕ್ಲಿಫರ್ಡ್ ಗಾಳಿಗೆ ಅಡ್ಡವಾಗಿ ಕೋಟು ಹಿಡಿದು ನಿಂತ. ಅವಳು ಪಲ್ಯಕ್ಕೆ ಒಗ್ಗರಣೆ ಹಾಕುವಷ್ಟೇ ಸಲೀಸಾಗಿ ಎರಕ ಹೊಯ್ದು, ಟೊಪ್ಪಿಗೆ ಹಾಕಿದ ಬೆರಳಿನಿಂದ ಒತ್ತಿ, ವ್ಯಾಗನ್ನಿನ ನೆಲವನ್ನು ಬಿಡಿಸಿದಳು. ಮೊದಲನೆಯದು ಮುರಿಯಿತು. ಎರಡನೆಯದು ಸರಿಯಾಗಿ ಬಂತು.

“ಒಂದು ನಿಮಿಷ ಬಂದೆ,” ಎಂದು ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಒಳಗೆ ಹೋದಳು. ಕ್ಲಿಫರ್ಡ್ ಒಲೆ ಆರಿಸಿ ಹಿಂದೆ ಓಡಿದ. ಆಗಲೇ ಅವಳು ಡೆರೆಕನ ಮೇಜಿನ ಮುಂದೆ ಸಾಲಿನಲ್ಲಿ ನಿಂತಿದ್ದಳು. ಡೆರೆಕ್ ಅವಳನ್ನು ಹಿಂದೆಂದೂ ನೋಡಿರಲಿಲ್ಲ. ಸರದಿ ಬಂದಾಗ ಕರವಸ್ತ್ರ ಬಿಚ್ಚಿ, “ಇದೇನು ಅಂತ ಸ್ವಲ್ಪ ಹೇಳ್ತೀರಾ?” ಎಂದಳು.

ಡೆರೆಕ್ ಭೂತಗನ್ನಡಿ ಹಿಡಿದ. ಮಗುಚಿದ. ಮೂಸಿಯೂ ನೋಡಿದ. ಸಂಭ್ರಮಕ್ಕೆ ಅವನ ಕಿವಿ ಕೆಂಪಾಯಿತು.

“ಅಮ್ಮಾ, ಇದು ಬ್ರಿಗ್‌ಶಾ ಮೊದಲ ಸರಣಿ. ಐವತ್ತೊಂಬತ್ತು, ಹೆಚ್ಚೆಂದ್ರೆ ಅರವತ್ತು. ನೆಲ ಒಂದೇ ಇದ್ರೂ ಸಂಶಯವೇ ಇಲ್ಲ. ಹದಿನೈದನೇದು! ಎಲ್ಲಿ ಸಿಕ್ತು ನಿಮಗೆ?”

“ಹಿತ್ತಲಲ್ಲಿ. ಕಸದ ತೊಟ್ಟಿ ಪಕ್ಕ.”

“ಅಯ್ಯೋ! ಯಾವ ಪುಣ್ಯಾತ್ಮ ಎಸೆದ?”

“ಯಾರೂ ಎಸೆದಿಲ್ಲ ಕಣಪ್ಪ. ಈಗ ಹತ್ತು ನಿಮಿಷದ ಹಿಂದೆ ನಾನೇ ಮಾಡಿದೆ. ಇನ್ನೂ ಬೆಚ್ಚಗಿಲ್ವಾ?”

ಡೆರೆಕ್ ಅಂಗೈಯಲ್ಲಿದ್ದುದನ್ನು ನೋಡಿದ. ಬೆಚ್ಚಗಿತ್ತು. ದೀಪದ ಕಾವು ಎಂದುಕೊಂಡಿದ್ದ. ಸಾಲಿನಲ್ಲಿದ್ದ ಹನ್ನೊಂದು ಜನ ಅವನನ್ನೇ ನೋಡುತ್ತಿದ್ದರು. ಅವನು ಮೆಲ್ಲಗೆ ಎದ್ದು ಅವಳ ಹಿಂದೆ ಹಿತ್ತಲಿಗೆ ನಡೆದ, ಹನ್ನೊಂದು ಜನವೂ ನಡೆದರು. ಅವರ ಕಣ್ಣೆದುರೇ ಅವಳು ಇನ್ನೆರಡು ಹೊಯ್ದಳು. ಡೆರೆಕ್ ಕೈಕಟ್ಟಿ ನೋಡಿದ. ಕೊನೆಗೆ ಜೇಬಿನಿಂದ ಪೆನ್ನು ತೆಗೆದು, “ವಿನಿಫ್ರೆಡ್ ಆರ್ಮರಾಡ್. ಆರ್ಮರಾಡ್‌ಗೆ ಅಕ್ಷರ ಹೇಗೆ ಹಾಕ್ತೀರಿ?” ಎಂದ.

ಜೂನ್ ಸಂಚಿಕೆಯಲ್ಲಿ ತಿದ್ದುಪಡಿ ಬಂತು. ಅಂದಿನಿಂದ ಪಟ್ಟಿಗಳಲ್ಲಿ ಹೀಗಿದೆ: ‘ವಿನಿಫ್ರೆಡ್ ಆರ್ಮರಾಡ್, ಮನೆಯ ಎರಕ (ಇಲಿಂಗ್‌ವರ್ತ್, 2014)’. ಕ್ಲಿಫರ್ಡ್ ಅದನ್ನು ಬೆರಿಲ್‌ಗೆ ಗಟ್ಟಿಯಾಗಿ ಓದಿಹೇಳಿದ.

“ಕಂಡುಹಿಡಿದಿದ್ದು ನೀನು, ಹೆಸರು ಅವನದ್ದಾ?” ಎಂದು ಅವಳು ಸಿಡುಕಿದಳು.

“ಇರಲಿ ಬಿಡೇ,” ಎಂದ ಕ್ಲಿಫರ್ಡ್. ಎಷ್ಟೋ ವರ್ಷದ ಮೇಲೆ ಅವನ ಹೆಗಲು ಹಗುರಾಗಿತ್ತು. “ನಾಳೆ ಇನ್ಯಾರಾದ್ರೂ ಡಬ್ಬ ಹಿಡ್ಕೊಂಡು ಬಂದ್ರೆ ಅವನ ಮನೆ ಬಾಗಿಲು ತಟ್ತಾರೆ.”

ಪತ್ರಿಕೆ ಮಡಚಿಟ್ಟು, ಹಂದಿಮಾಂಸದ ಕಡುಬಿಗೆ ಉಪ್ಪಿನಕಾಯಿ ಬಡಿಸಿಕೊಂಡ.