ಬಾಣಂತನಕ್ಕೆ ಬಾರದ ಅಕ್ಕ

"ಇದರೊಳಗೆ ಉಗುಳಿ ಅಜ್ಜಿ," ಎಂದು ಹುಡುಗಿ ನನ್ನ ಕೈಗೆ ಪುಟ್ಟ ಪ್ಲಾಸ್ಟಿಕ್ ಕೊಳವೆ ಕೊಟ್ಟಳು. ಕಂಡಕಂಡಲ್ಲಿ ಉಗುಳಬೇಡಿ ಎಂದು ಮೂವತ್ತೆಂಟು ವರ್ಷ ಮಕ್ಕಳನ್ನು ಗದರಿಸಿದ ರುದ್ರಮ್ಮ ಟೀಚರ್ ನಾನು. ನನ್ನ ಜಗಲಿಯಲ್ಲಿ ನನಗೇ ಉಗುಳು ಎನ್ನುತ್ತಾಳೆ!

ಹೇಮಾಶ್ರೀ ಅಂತೆ ಹೆಸರು. ಹಳೇಬೀಡಿನ ನಮ್ಮ ಬೀದಿಯಲ್ಲಿ ವಯಸ್ಸಾದವರ ಮನೆಮನೆಗೂ ಬಂದಿದ್ದಳು. ಓದು, ಮಕ್ಕಳ ಸಂಖ್ಯೆ, ಆಯಸ್ಸು, ಇವುಗಳಿಗೆ ವಂಶವಾಹಿಯಲ್ಲೇ ನಂಟಿದೆಯೇ ಎಂದು ಎಂಜಲಿನಿಂದ ಪತ್ತೆ ಮಾಡುವ ಸಂಶೋಧನೆಯಂತೆ. ನನ್ನ ಫಾರಂ ತುಂಬಿದಳು. ವಯಸ್ಸು ಎಪ್ಪತ್ತೊಂಬತ್ತು, ಓದು ಟೀಚರ್ ಟ್ರೈನಿಂಗ್‌ವರೆಗೆ, ಮಕ್ಕಳು ಇಬ್ಬರು.

"ನೋಡಿ ಅಜ್ಜಿ, ಓದೂ ಇದೆ, ಆಯಸ್ಸೂ ಇದೆ. ಸ್ವಲ್ಪ ರಕ್ತದಲ್ಲೇ ಬಂದಿರಬಹುದು."

ಸಿಟ್ಟು ನೆತ್ತಿಗೇರಿತು. "ನಮ್ಮಕ್ಕ ಬೋರಮ್ಮಂದೂ ಅದೇ ರಕ್ತ ಕಣಮ್ಮ. ಶಾಲೆ ಮೆಟ್ಲು ಹತ್ತಲಿಲ್ಲ, ಏಳು ಹೆತ್ಲು, ಮೂವತ್ಮೂರಕ್ಕೇ ಹೋದ್ಲು. ಅವಳ ಹೆಸ್ರು ನಿನ್ ಫಾರಮ್ಮಲ್ಲಿ ಎಲ್ಲೈತೆ?"

"ಸ್ಯಾಂಪಲ್ ಕೊಡೋರದ್ದು ಮಾತ್ರ ತಗೋತೀವಿ ಅಜ್ಜಿ."

"ಹಂಗಾದ್ರೆ ನಾನೂ ಉಗುಳಲ್ಲ." ಕೊಳವೆ ವಾಪಸ್ ಕೊಟ್ಟೆ.

ಪುಣ್ಯಾತ್ಗಿತ್ತಿ ಎದ್ದು ಹೋಗಲಿಲ್ಲ. "ಹೇಳಿ," ಎಂದು ಪಕ್ಕದಲ್ಲೇ ಕುಳಿತಳು.

ನಮ್ಮ ತವರು ಜಾವಗಲ್. ಅಕ್ಕನನ್ನು ಹಗರೆಗೆ ಕೊಟ್ಟಿತ್ತು. ಅವಳು ಹೆರಿಗೆಗೆ ಬಂದಾಗಲೆಲ್ಲ ನೀರು ಕಾಯಿಸಲು, ಬಟ್ಟೆ ಒಗೆಯಲು, ಕೂಸು ಎತ್ತಿಕೊಳ್ಳಲು ನನ್ನನ್ನು ಮೂರು ತಿಂಗಳು ಶಾಲೆ ಬಿಡಿಸುತ್ತಿದ್ದರು. ಎರಡು ಸಲ ಹೀಗಾಯಿತು. ಮೂರನೆಯ ಬಸುರಿನ ಹೊತ್ತಿಗೆ ನಾನು ಎಸ್ಸೆಸ್ಸೆಲ್ಸಿ. ಅಪ್ಪ ಕರೆತರಲು ಹೊರಡುವ ಮೊದಲೇ ಅಕ್ಕ ಸಂತೆಗೆ ಬಂದವರ ಕೈಲಿ ಹೇಳಿಕಳಿಸಿದಳು: "ಈ ಸಲ ನಮ್ಮತ್ತೇನೇ ಬಾಣಂತನ ಮಾಡ್ತಾರೆ. ನಾನು ಬರಕ್ಕಿಲ್ಲ." ಅಮ್ಮ ಅತ್ತಳು. ನಾನು, ಹೇಳಲು ನಾಚಿಕೆ, ಒಳಗೊಳಗೇ ಕುಣಿದೆ.

ಪಾಸಾದ ಮೇಲೆ ಸಕ್ಕರೆ ಕೊಡಲು ಹಗರೆಗೆ ಹೋದೆ. ಅಕ್ಕನ ಅತ್ತೆ ಸೊಂಟ ಮುರಿದುಕೊಂಡು ಚಾಪೆ ಹಿಡಿದು ಆರು ತಿಂಗಳಾಗಿತ್ತು, ಹೆರಿಗೆಗೂ ಮೊದಲೇ. ನಮಗೆ ಯಾರೂ ಹೇಳಿರಲಿಲ್ಲ.

"ಮತ್ತೆ ನಿನ್ನ ಯಾರು ನೋಡ್ಕೊಂಡ್ರು?" ಎಂದು ಅಕ್ಕನನ್ನು ಕೇಳಿದೆ.

"ನಾನೇ ಕಣೇ. ಅಪ್ಪಂಗೆ ಹೇಳಿದ್ಯೋ, ಕಾಲು ಮುರೀತೀನಿ. ನೀನು ಓದು."

ಆಮೇಲಿನ ನಾಲ್ಕು ಹೆರಿಗೆಗೂ ಅವಳು ತವರಿಗೆ ಬರಲಿಲ್ಲ. ಕೊನೆಯದರಲ್ಲಿ ಹೋಗಿಬಿಟ್ಟಳು.

ಹೇಮಾಶ್ರೀ ಫಾರಂ ಮಗುಚಿದಳು. "ಒಂದು ಪ್ರಶ್ನೆ ಬಿಟ್ಟಿದ್ದೆ ಅಜ್ಜಿ. ಓದೋಕೆ ನೆರವಾದವರು ಯಾರು? ತಂದೆ, ತಾಯಿ, ಶಿಕ್ಷಕರು, ಇತರೆ."

"ಇತರೆ ಅಂತ ಗೀಚಿ ಬಿಡಬೇಡ. ಹೆಸ್ರು ಬರಿ."

ಬರೆದು ತೋರಿಸಿದಳು. ಬೋರಮ್ಮ, ಅಕ್ಕ. ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರಿದೆ, ಪೆನ್ಷನ್ ಕಾಗದದಲ್ಲಿ ಗಂಡನ ಹೆಸರಿದೆ. ಹೆಬ್ಬೆಟ್ಟು ಒತ್ತುತ್ತಿದ್ದ ಅಕ್ಕನ ಹೆಸರನ್ನು ನನ್ನ ಓದಿನ ಪಕ್ಕ ನೋಡಿದ್ದು ಅದೇ ಮೊದಲು.

ನೀನು ಕೊಟ್ಟ ಬದುಕನ್ನು ಚೆನ್ನಾಗಿಯೇ ಬದುಕಿದೀನಿ ಕಣಕ್ಕ, ಎಂದು ಮನಸ್ಸಿನಲ್ಲೇ ಹೇಳಿ ಕೊಳವೆ ಇಸಿದುಕೊಂಡೆ.